ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ: ಕ್ಯಾಲಿಫೋರ್ನಿಯಾದಲ್ಲಿ ವರ್ಗಾವಣೆಯ ಗಣಿತ ಅರ್ಹತೆ

ಅಮೆರಿಕದ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ನಾಲ್ಕು ವರ್ಷದ ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಮೂರನೆಯ ವರ್ಷದಲ್ಲಿ ಸೇರಬಯಸುವ ವಿದ್ಯಾರ್ಥಿ ಮೊದಲೇ ಮುಗಿಸಿರಬೇಕಾದ ಗಣಿತದ ಕೋರ್ಸುಗಳು, ಅವುಗಳಲ್ಲಿ ಪಡೆದಿರಬೇಕಾದ ಕನಿಷ್ಠ ಗ್ರೇಡ್ ಮತ್ತು ಮುಗಿಸಬೇಕಾದ ಗಡುವು, ಇವಿಷ್ಟೂ ಸೇರಿ ವರ್ಗಾವಣೆಯ ಗಣಿತ ಅರ್ಹತೆ ಎನಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಉನ್ನತ ಶಿಕ್ಷಣ ರಾಜ್ಯಗಳಿಗೆ ಸೇರಿದ್ದು. ಆದ್ದರಿಂದ ಈ ಅರ್ಹತೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪ್ರಸ್ತುತ ಲೇಖನ ಕ್ಯಾಲಿಫೋರ್ನಿಯಾದ ವ್ಯವಸ್ಥೆಯನ್ನು ವಿವರಿಸುತ್ತದೆ. 116 ಕಾಲೇಜುಗಳಿರುವ ಅಲ್ಲಿನ ಕಮ್ಯುನಿಟಿ ಕಾಲೇಜು ಜಾಲ ಅಮೆರಿಕದಲ್ಲೇ ಅತಿ ದೊಡ್ಡದು. ವರ್ಗಾವಣೆಯ ನಿಯಮಗಳನ್ನು ಕಾನೂನಿನ ಮೂಲಕವೇ ಮತ್ತೆ ಮತ್ತೆ ತಿದ್ದಿದ ರಾಜ್ಯವೂ ಅದೇ.

ಹೊರಗಿನಿಂದ ನೋಡಿದಾಗ ಇದು ಒಂದೇ ಅರ್ಹತೆಯಂತೆ ಕಂಡರೂ ಒಳಗೆ ಮೂರಿವೆ: ಪ್ರವೇಶದ ಕನಿಷ್ಠ ಗಣಿತ, ಸಾಮಾನ್ಯ ಶಿಕ್ಷಣದ ಗಣಿತ ಮತ್ತು ಮುಖ್ಯ ವಿಷಯದ ಪೂರ್ವಸಿದ್ಧತೆಯ ಗಣಿತ. ಮೂರನ್ನೂ ನಿಗದಿ ಮಾಡುವವರು ಬೇರೆ ಬೇರೆ. ಒಂದನ್ನು ಪೂರೈಸಿದ ಕೋರ್ಸು ಇನ್ನೊಂದನ್ನು ಪೂರೈಸಿಯೇ ತೀರಬೇಕೆಂದಿಲ್ಲ.

ಪರಿಭಾಷೆ

ಕಮ್ಯುನಿಟಿ ಕಾಲೇಜು ಎಂದರೆ ಪದವಿಯ ಮೊದಲ ಎರಡು ವರ್ಷಗಳ ಪಾಠ, ವೃತ್ತಿಶಿಕ್ಷಣ ಮತ್ತು ವಯಸ್ಕರ ಶಿಕ್ಷಣ ನೀಡುವ ಸಾರ್ವಜನಿಕ ಸಂಸ್ಥೆ. ಪ್ರವೇಶ ಎಲ್ಲರಿಗೂ ಮುಕ್ತ. ಅದು ಕೊಡುವ ಎರಡು ವರ್ಷದ ಪದವಿಗೆ ಅಸೋಸಿಯೇಟ್ ಪದವಿ ಎಂದು ಹೆಸರು. ಕಲಿಕೆಯ ಅಳತೆ ಯೂನಿಟ್. ವರ್ಷವನ್ನು ಎರಡಾಗಿ ಭಾಗಿಸುವ ಸೆಮಿಸ್ಟರ್ ಕಾಲೇಜುಗಳ ಎರಡು ಯೂನಿಟ್, ಮೂರಾಗಿ ಭಾಗಿಸುವ ಕ್ವಾರ್ಟರ್ ಕಾಲೇಜುಗಳ ಮೂರು ಯೂನಿಟ್‌ಗೆ ಸಮ. ವಿಶ್ವವಿದ್ಯಾಲಯ ತನ್ನ ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಕೋರ್ಸು ವರ್ಗಾಯಿಸಬಹುದಾದ ಕೋರ್ಸು. ಕಾಲೇಜಿನ ಇಂಥ ಕೋರ್ಸು ವಿಶ್ವವಿದ್ಯಾಲಯದ ಇಂಥ ಕೋರ್ಸಿಗೆ ಸಮ ಎಂದು ಎರಡೂ ಸಂಸ್ಥೆಗಳು ಬರೆದುಕೊಂಡ ಕರಾರು ಆರ್ಟಿಕ್ಯುಲೇಷನ್ ಒಪ್ಪಂದ. ವರ್ಗಾಯಿಸಬಹುದು ಎನ್ನುವುದಕ್ಕೂ ಸಮ ಎನ್ನುವುದಕ್ಕೂ ವ್ಯತ್ಯಾಸವಿದೆ: ಮೊದಲನೆಯದರಿಂದ ಯೂನಿಟ್ ಮಾತ್ರ ಸಿಗುತ್ತದೆ, ಎರಡನೆಯದರಿಂದ ಆ ಕೋರ್ಸನ್ನು ವಿಶ್ವವಿದ್ಯಾಲಯದಲ್ಲಿ ಮತ್ತೆ ಓದುವುದು ತಪ್ಪುತ್ತದೆ.

ಈ ಲೇಖನದಲ್ಲಿ ಯುಸಿ ಎಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಸಿಎಸ್‌ಯು ಎಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ. ಬರ್ಕ್ಲಿ, ಲಾಸ್ ಏಂಜಲೀಸ್ ಮೊದಲಾದ, ಪದವಿ ತರಗತಿಗಳಿರುವ ಒಂಬತ್ತು ಕ್ಯಾಂಪಸ್‌ಗಳು ಯುಸಿಗೆ ಸೇರಿದವು. ಸ್ಯಾನ್ ಹೊಸೆ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್ ಮೊದಲಾದವು ಸಿಎಸ್‌ಯುಗೆ ಸೇರಿದವು. ಕ್ಯಾಲ್ಕುಲಸ್ ಎಂಬ ಪದವನ್ನು ಕಲನಶಾಸ್ತ್ರಕ್ಕೆ, ಪ್ರೀಕ್ಯಾಲ್ಕುಲಸ್ ಎಂಬುದನ್ನು ಅದಕ್ಕೆ ಮುಂಚಿನ ಬೀಜಗಣಿತ ಮತ್ತು ತ್ರಿಕೋನಮಿತಿಯ ಕೋರ್ಸಿಗೆ ಬಳಸಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

ಅಮೆರಿಕದ ಮೊದಲ ಸಾರ್ವಜನಿಕ ಎರಡು ವರ್ಷದ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಜೋಲಿಯೆಟ್‌ನ ಹೈಸ್ಕೂಲಿನ ಮುಖ್ಯಾಧಿಕಾರಿ ಜೆ. ಸ್ಟ್ಯಾನ್ಲಿ ಬ್ರೌನ್ ಅದರ ರೂವಾರಿಗಳು. ಪದವಿಯ ಮೊದಲ ಎರಡು ವರ್ಷ ಊರಿನಲ್ಲೇ ಓದಿ ಮುಂದಿನದಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗುವುದು ಆ ಕಾಲೇಜಿನ ಮೂಲ ಉದ್ದೇಶ. ಹೀಗಾಗಿ ವರ್ಗಾವಣೆ ಈ ಕಾಲೇಜುಗಳಿಗೆ ಆಮೇಲೆ ಅಂಟಿಕೊಂಡ ಕೆಲಸವಲ್ಲ, ಹುಟ್ಟಿನಿಂದಲೇ ಬಂದದ್ದು. ಕ್ಯಾಲಿಫೋರ್ನಿಯಾದಲ್ಲಿ 1907ರ ಕಾನೂನು ಹೈಸ್ಕೂಲುಗಳಿಗೆ ಹೆಚ್ಚುವರಿ ತರಗತಿ ನಡೆಸಲು ಅನುಮತಿ ಕೊಟ್ಟಿತು. 1910ರಲ್ಲಿ ಫ್ರೆಸ್ನೊದಲ್ಲಿ ರಾಜ್ಯದ ಮೊದಲ ಜೂನಿಯರ್ ಕಾಲೇಜು ಬಾಗಿಲು ತೆರೆಯಿತು. ಕಮ್ಯುನಿಟಿ ಕಾಲೇಜು ಎಂಬ ಹೆಸರು ವ್ಯಾಪಕವಾದದ್ದು ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿಯ ನಂತರ.

ಈಗಿನ ಚೌಕಟ್ಟನ್ನು ಹಾಕಿದ್ದು 1960ರ ಮಾಸ್ಟರ್ ಪ್ಲಾನ್. ಯುಸಿ ಅಧ್ಯಕ್ಷ ಕ್ಲಾರ್ಕ್ ಕೆರ್ ಅದರ ಮುಖ್ಯ ಶಿಲ್ಪಿ. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯುಸಿಗೆ, ಮೂರನೇ ಒಂದು ಭಾಗ ಸಿಎಸ್‌ಯುಗೆ, ಉಳಿದವರಿಗೆಲ್ಲ ಕಮ್ಯುನಿಟಿ ಕಾಲೇಜು ಎಂಬ ಹಂಚಿಕೆ ಅದರದ್ದು. ಉಳಿದವರಿಗೆ ಮೂರನೆಯ ವರ್ಷದಲ್ಲಿ ಮೇಲಿನ ಎರಡು ವ್ಯವಸ್ಥೆಗಳ ಬಾಗಿಲು ತೆರೆದಿರುತ್ತದೆ ಎಂಬುದು ಯೋಜನೆಯ ಇನ್ನೊಂದು ಮುಖ. ವಿಶ್ವವಿದ್ಯಾಲಯಗಳು ಮೇಲಿನ ಎರಡು ವರ್ಷಗಳಲ್ಲಿ ಹೆಚ್ಚು ಸೀಟು ಇಟ್ಟುಕೊಳ್ಳಬೇಕೆಂದು ಯೋಜನೆ ಸೂಚಿಸಿದ್ದೂ ಇದಕ್ಕಾಗಿಯೇ.

ಬಾಗಿಲು ಇತ್ತು, ಆದರೆ ಪ್ರತಿ ಕ್ಯಾಂಪಸ್ಸಿನ ನಿಯಮ ಬೇರೆಯಾಗಿತ್ತು. ಒಪ್ಪಂದಗಳನ್ನೆಲ್ಲ ಒಂದೆಡೆ ನೋಡಲು ಅಸಿಸ್ಟ್ ಎಂಬ ಮಾಹಿತಿ ಕೋಶ 1985ರಲ್ಲಿ ಬಂದಿತು. ಇಂದಿಗೂ ಅದೇ ಅಧಿಕೃತ ದಾಖಲೆ. 1991ರಲ್ಲಿ ಯುಸಿ ಮತ್ತು ಸಿಎಸ್‌ಯು ಎರಡೂ ಒಪ್ಪುವ ಸಾಮಾನ್ಯ ಶಿಕ್ಷಣದ ಪಟ್ಟಿ ಐಗೆಟ್ಸಿ ಜಾರಿಯಾಯಿತು. 2010ರ ಸೆನೆಟ್ ಮಸೂದೆ 1440 ವರ್ಗಾವಣೆಗೆಂದೇ 60 ಯೂನಿಟ್‌ನ ಅಸೋಸಿಯೇಟ್ ಪದವಿಯನ್ನು ರೂಪಿಸಿತು. ಅದನ್ನು ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಪ್ರವೇಶದ ಖಾತ್ರಿಯಿದೆ. ಆದರೆ ಬೇಕೆಂದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತ್ರಿಯಿಲ್ಲ.

ಪ್ರವೇಶದ ಕನಿಷ್ಠ ಗಣಿತ

ಯುಸಿಗೆ ಮೂರನೆಯ ವರ್ಷದಲ್ಲಿ ಸೇರಲು 60 ಸೆಮಿಸ್ಟರ್ ಯೂನಿಟ್, ರಾಜ್ಯದ ನಿವಾಸಿಗಳಿಗೆ 2.4 ಮತ್ತು ಹೊರಗಿನವರಿಗೆ 2.8 ಜಿಪಿಎ (ಗ್ರೇಡುಗಳ ಸರಾಸರಿ), ಜೊತೆಗೆ ಏಳು ಕೋರ್ಸುಗಳ ಒಂದು ಮಾದರಿ ಬೇಕು. ಏಳರಲ್ಲಿ ಎರಡು ಇಂಗ್ಲಿಷ್ ಬರವಣಿಗೆಗೆ, ಒಂದು ಗಣಿತಕ್ಕೆ, ನಾಲ್ಕು ಇತರ ವಿಷಯಗಳಿಗೆ. ಸಂಖ್ಯಾಶಾಸ್ತ್ರ, ಕಾಲೇಜು ಬೀಜಗಣಿತ, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಇವುಗಳಲ್ಲಿ ವರ್ಗಾಯಿಸಬಹುದಾದ ಯಾವುದಾದರೊಂದನ್ನು ಸಿ ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿಸಿದರೆ ಗಣಿತದ ಸ್ಥಾನ ತುಂಬುತ್ತದೆ. ಮಧ್ಯಮ ಬೀಜಗಣಿತ ಎಂಬ ಕೋರ್ಸಿಗೆ ಈ ಮಾನ್ಯತೆಯಿಲ್ಲ. ಅದು ಹೈಸ್ಕೂಲಿನ ಎರಡನೆಯ ಬೀಜಗಣಿತ ಕೋರ್ಸಿಗೆ ಸಮ.

ಸಿಎಸ್‌ಯು ಕೂಡ 60 ಯೂನಿಟ್ ಕೇಳುತ್ತದೆ. ಕನಿಷ್ಠ ಜಿಪಿಎ 2.0. ಮೌಖಿಕ ಸಂವಹನ, ಲಿಖಿತ ಸಂವಹನ, ವಿಮರ್ಶಾತ್ಮಕ ಚಿಂತನೆ ಮತ್ತು ಗಣಿತ, ಈ ನಾಲ್ಕು ಕೋರ್ಸುಗಳನ್ನು ಸೇರುವ ಮುಂಚೆಯೇ ಮುಗಿಸಿರಬೇಕು. ಕಾಲೇಜುಗಳ ಸಲಹೆಗಾರರ ಬಾಯಲ್ಲಿ ಈ ನಾಲ್ಕಕ್ಕೆ ಗೋಲ್ಡನ್ ಫೋರ್ ಎಂದು ಹೆಸರು. ಉಳಿದ ಸಾಮಾನ್ಯ ಶಿಕ್ಷಣದ ಕೋರ್ಸುಗಳನ್ನು ಸೇರಿದ ಮೇಲೆ ತೀರಿಸಬಹುದು, ಈ ನಾಲ್ಕನ್ನಲ್ಲ.

ಕನಿಷ್ಠ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಇದು ಅರ್ಜಿಯನ್ನು ಪರಿಶೀಲನೆಗೆ ಯೋಗ್ಯವಾಗಿಸುತ್ತದೆ; ಬೇಡಿಕೆ ಹೆಚ್ಚಿರುವ ವಿಭಾಗಗಳಲ್ಲಿ ಪ್ರವೇಶ ತೀರ್ಮಾನವಾಗುವುದು ಪೂರ್ವಸಿದ್ಧತೆಯ ಗಣಿತದ ಮೇಲೆ.

ಸಾಮಾನ್ಯ ಶಿಕ್ಷಣದ ಗಣಿತ

ಅಮೆರಿಕದ ಪದವಿಯಲ್ಲಿ ಇತಿಹಾಸ ಓದುವವರೂ ಒಂದಿಷ್ಟು ವಿಜ್ಞಾನ, ವಿಜ್ಞಾನ ಓದುವವರೂ ಒಂದಿಷ್ಟು ಕಲೆ ಓದಬೇಕು. ಇದು ಸಾಮಾನ್ಯ ಶಿಕ್ಷಣ. ಐಗೆಟ್ಸಿಯಲ್ಲಿ ಗಣಿತ 2ಎ ವಿಭಾಗಕ್ಕೆ ಸೇರಿತ್ತು. ಸಿಎಸ್‌ಯು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದ ಪಟ್ಟಿಯಲ್ಲಿ ಬಿ4 ವಿಭಾಗಕ್ಕೆ. ಎರಡು ಪಟ್ಟಿಗಳಿಂದ ಆಗುತ್ತಿದ್ದ ಗೊಂದಲ ತಪ್ಪಿಸಲು 2021ರಲ್ಲಿ ಅಸೆಂಬ್ಲಿ ಮಸೂದೆ 928 ಅಂಗೀಕಾರವಾಯಿತು. ಅದರಂತೆ 2025ರ ಶರತ್ಕಾಲದಿಂದ ಕ್ಯಾಲ್-ಗೆಟ್ಸಿ ಎಂಬ ಒಂದೇ ಪಟ್ಟಿ ಜಾರಿಯಲ್ಲಿದೆ. ಅದರಲ್ಲಿ 34 ಸೆಮಿಸ್ಟರ್ ಯೂನಿಟ್‌ಗಳಿವೆ. ಎರಡನೆಯ ವಿಭಾಗ ಗಣಿತ ಪರಿಕಲ್ಪನೆಗಳು ಮತ್ತು ಪರಿಮಾಣಾತ್ಮಕ ತರ್ಕಕ್ಕೆ ಮೀಸಲು. ಒಂದು ಕೋರ್ಸು ಸಾಕು, ಮೂರು ಸೆಮಿಸ್ಟರ್ ಯೂನಿಟ್ ಅಥವಾ ನಾಲ್ಕು ಕ್ವಾರ್ಟರ್ ಯೂನಿಟ್. ಹಿಂದೆ ಸಿಎಸ್‌ಯು ಪಟ್ಟಿಯ ಗಣಿತಕ್ಕೆ ಸಿ-ಮೈನಸ್ ಸಾಕಾಗುತ್ತಿತ್ತು; ಕ್ಯಾಲ್-ಗೆಟ್ಸಿಯಲ್ಲಿ ಪ್ರತಿ ಕೋರ್ಸಿಗೂ ಸಿ ಬೇಕು.

ಹೈಸ್ಕೂಲಿನಲ್ಲೇ ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆ ಬರೆದು ಕ್ಯಾಲ್ಕುಲಸ್ ಅಥವಾ ಸಂಖ್ಯಾಶಾಸ್ತ್ರದಲ್ಲಿ 3 ಅಥವಾ ಹೆಚ್ಚು ಅಂಕ ಪಡೆದವರಿಗೆ ಈ ವಿಭಾಗ ಪೂರೈಕೆಯಾದಂತೆ. ಎಪಿ ಅಂಕಗಳ ಗರಿಷ್ಠ ಮಿತಿ 5.

ಮುಖ್ಯ ವಿಷಯದ ಪೂರ್ವಸಿದ್ಧತೆ

ಮೂರನೆಯ ಅರ್ಹತೆಯನ್ನು ನಿಗದಿಪಡಿಸುವುದು ವಿಶ್ವವಿದ್ಯಾಲಯದ ಆಯಾ ವಿಭಾಗ. ಇಲ್ಲಿ ಗಣಿತ ಕವಲೊಡೆಯುತ್ತದೆ.

ಮನಶ್ಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ನರ್ಸಿಂಗ್ ಕಡೆಗೆ ಹೋಗುವವರ ದಾರಿ ಬಹುಮಟ್ಟಿಗೆ ಸಂಖ್ಯಾಶಾಸ್ತ್ರದ್ದು. ಸಾಹಿತ್ಯ, ಕಲೆ, ಇತಿಹಾಸದವರಿಗೆ ಸಂಖ್ಯಾಶಾಸ್ತ್ರವೋ ಪರಿಮಾಣಾತ್ಮಕ ತರ್ಕದ ಕೋರ್ಸೋ ನಡೆಯುತ್ತದೆ. ವಾಣಿಜ್ಯ ಮತ್ತು ಅರ್ಥಶಾಸ್ತ್ರಕ್ಕೆ ಕ್ಯಾಲ್ಕುಲಸ್ ಬೇಕು, ಆದರೆ ಯಾವ ಕ್ಯಾಲ್ಕುಲಸ್ ಎಂಬಲ್ಲಿ ತೊಡಕಿದೆ. ವಾಣಿಜ್ಯ ವಿದ್ಯಾರ್ಥಿಗಳಿಗೆಂದು ತ್ರಿಕೋನಮಿತಿಯನ್ನು ಬಿಟ್ಟೋ ಕಡಿಮೆ ಮಾಡಿಯೋ ಕಲಿಸುವ ಕಿರಿದಾದ ಕೋರ್ಸನ್ನು ಕೆಲವು ಕ್ಯಾಂಪಸ್‌ಗಳು ಒಪ್ಪುತ್ತವೆ. ಮತ್ತೆ ಕೆಲವು ವಿಜ್ಞಾನದವರ ಪೂರ್ಣ ಕ್ಯಾಲ್ಕುಲಸ್ಸನ್ನೇ ಕೇಳುತ್ತವೆ. ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್ಸಾದ ಯುಸಿಎಲ್‌ಎಯ ಅರ್ಥಶಾಸ್ತ್ರ ವಿಭಾಗಕ್ಕೆ ಬೇಕಾದದ್ದು ಪೂರ್ಣ ಸರಣಿಯ 31ಎ ಮತ್ತು 31ಬಿ ಕೋರ್ಸುಗಳು. ಕಿರಿದಾದ ಕೋರ್ಸು ಮುಗಿಸಿದವರು ಮುಂದೆ ಇಂಜಿನಿಯರಿಂಗ್ ಅಥವಾ ಕಂಪ್ಯೂಟರ್ ವಿಜ್ಞಾನಕ್ಕೆ ಮನಸ್ಸು ಬದಲಿಸಿದರೆ ಪೂರ್ಣ ಕ್ಯಾಲ್ಕುಲಸ್ಸನ್ನು ಮೊದಲಿನಿಂದ ಓದಬೇಕು.

ಭೌತಶಾಸ್ತ್ರ, ಗಣಿತ ಮತ್ತು ಇಂಜಿನಿಯರಿಂಗ್‌ಗೆ ಬೇಕಾಗುವುದು ಅವಕಲನ, ಅನುಕಲನ, ಅನಂತ ಶ್ರೇಣಿಗಳು, ಬಹುಚರ ಕ್ಯಾಲ್ಕುಲಸ್, ರೇಖೀಯ ಬೀಜಗಣಿತ ಮತ್ತು ಅವಕಲ ಸಮೀಕರಣಗಳ ಪೂರ್ತಿ ಸರಣಿ. ಕಂಪ್ಯೂಟರ್ ವಿಜ್ಞಾನಕ್ಕೆ ಇದರ ಬಹುಭಾಗದ ಜೊತೆಗೆ ವಿವಿಕ್ತ ಗಣಿತವೂ ಸೇರುತ್ತದೆ. ಇಂಥ ವಿಭಾಗಗಳಲ್ಲಿ ಸಾಮಾನ್ಯ ಶಿಕ್ಷಣದ ಪಟ್ಟಿ ಪೂರ್ತಿಯಾಗಿದ್ದು ಕ್ಯಾಲ್ಕುಲಸ್ ಅರ್ಧಕ್ಕೆ ನಿಂತಿದ್ದರೆ ಅರ್ಜಿ ದುರ್ಬಲ; ತಿರುಗುಮುರುಗಾಗಿದ್ದರೆ ಅಷ್ಟು ದುರ್ಬಲವಲ್ಲ. ಸಲಹೆಗಾರರು ಮೊದಲ ಸೆಮಿಸ್ಟರಿನಲ್ಲೇ ಮುಖ್ಯ ವಿಷಯ ಯಾವುದೆಂದು ಕೇಳುವುದು ಈ ಕಾರಣಕ್ಕೆ.

ಕ್ಯಾಲ್ಕುಲಸ್ ಸರಣಿಯ ಹೊಂದಾಣಿಕೆ

ವರ್ಗಾವಣೆಯಲ್ಲಿ ಅತಿ ಹೆಚ್ಚು ತೊಡಕು ಕೊಡುವ ಭಾಗ ಇದು. ಕ್ಯಾಲ್ಕುಲಸ್ ಎಲ್ಲೆಡೆ ಒಂದೇ; ಅದನ್ನು ತುಂಡರಿಸುವ ಕ್ರಮ ಬೇರೆ.

ಸೆಮಿಸ್ಟರ್ ಕಾಲೇಜಿನಲ್ಲಿ ಒಂದು ಮತ್ತು ಬಹು ಚರಗಳ ಕ್ಯಾಲ್ಕುಲಸ್ ಮೂರು ಕೋರ್ಸುಗಳಲ್ಲಿ ಮುಗಿಯುತ್ತದೆ. ಕುಪರ್ಟಿನೊದ ಡಿ ಆನ್ಜಾ ಕಾಲೇಜು ಕ್ವಾರ್ಟರ್ ಪದ್ಧತಿಯದ್ದು; ಅಲ್ಲಿ ಅದೇ ವಿಷಯ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕಾಗುತ್ತದೆ. ಯುಸಿಎಲ್‌ಎ ಕೂಡ ಕ್ವಾರ್ಟರಿನದ್ದೇ ಆದರೂ ಅದರ ಕತ್ತರಿ ಬೇರೆ: 31ಎ ಮತ್ತು 31ಬಿ ಒಂದು ಚರಕ್ಕೆ, 32ಎ ಮತ್ತು 32ಬಿ ಹಲವು ಚರಗಳಿಗೆ, 33ಎ ರೇಖೀಯ ಬೀಜಗಣಿತಕ್ಕೆ, 33ಬಿ ಅವಕಲ ಸಮೀಕರಣಗಳಿಗೆ. ಯುಸಿಯ ಪದವಿ ಕ್ಯಾಂಪಸ್‌ಗಳಲ್ಲಿ ಬರ್ಕ್ಲಿ ಮತ್ತು ಮರ್ಸೆಡ್ ಮಾತ್ರ ಸೆಮಿಸ್ಟರ್ ಪದ್ಧತಿಯವು, ಉಳಿದ ಏಳು ಕ್ವಾರ್ಟರ್‌ನವು. ಬರ್ಕ್ಲಿಯಲ್ಲಿ 53 ಬಹುಚರ ಕ್ಯಾಲ್ಕುಲಸ್. 54 ರೇಖೀಯ ಬೀಜಗಣಿತ ಮತ್ತು ಅವಕಲ ಸಮೀಕರಣಗಳನ್ನು ಒಂದೇ ಕೋರ್ಸಿನಲ್ಲಿ ಸೇರಿಸುತ್ತದೆ. ಈ ಎರಡನ್ನು ಪ್ರತ್ಯೇಕ ಕೋರ್ಸುಗಳಾಗಿ ಕಲಿಸುವ ಕಾಲೇಜಿನಿಂದ ಬರುವವರು 54ರ ಬದಲಿಗೆ ಎರಡನ್ನೂ ಮುಗಿಸಿರಬೇಕು. ಒಂದನ್ನೇ ಮುಗಿಸಿದರೆ ಯೂನಿಟ್ ಸಿಗಬಹುದು, ಸಮಾನತೆ ಸಿಗದು.

ಆದ್ದರಿಂದ ಒಪ್ಪಂದಗಳಲ್ಲಿ ಕ್ಯಾಲ್ಕುಲಸ್ಸನ್ನು ಅನೇಕ ವೇಳೆ ಕೋರ್ಸಿಗೆ ಕೋರ್ಸು ಎಂದಲ್ಲ, ಸರಣಿಗೆ ಸರಣಿ ಎಂದು ಹೊಂದಿಸಿರುತ್ತಾರೆ. ನಾಲ್ಕು ಕ್ವಾರ್ಟರಿನ ಸರಣಿಯಲ್ಲಿ ಎರಡನ್ನು ಮುಗಿಸಿ ಸೆಮಿಸ್ಟರ್ ಕಾಲೇಜಿಗೆ ಹಾರಿದ ವಿದ್ಯಾರ್ಥಿಗೆ ನಡುವಿನ ಕೆಲವು ಪಾಠ, ಹೆಚ್ಚಾಗಿ ಅನಂತ ಶ್ರೇಣಿ ಅಥವಾ ಅನುಕಲನದ ಅನ್ವಯಗಳು, ಒಂದೋ ಎರಡು ಸಲ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ಶುರುಮಾಡಿದ ಸರಣಿಯನ್ನು ಅದೇ ಕಾಲೇಜಿನಲ್ಲಿ ಮುಗಿಸಬೇಕೆಂಬ ಸಲಹೆ ಈ ಲೆಕ್ಕಾಚಾರದಿಂದ ಹುಟ್ಟಿದ್ದು.

ಕೋರ್ಸುಗಳ ಸಂಖ್ಯೆ ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗಿರುವುದೂ ಗೊಂದಲಕ್ಕೆ ಕಾರಣ. ಸಿ-ಐಡಿ ಎಂಬ ರಾಜ್ಯವ್ಯಾಪಿ ಸಂಕೇತ ಇದಕ್ಕೊಂದು ಪರಿಹಾರ: ಮ್ಯಾಥ್ 110 ಎಂದರೆ ಸಂಖ್ಯಾಶಾಸ್ತ್ರ, 210 ಎಂದರೆ ಮೊದಲ ಕ್ಯಾಲ್ಕುಲಸ್, 230 ಬಹುಚರ ಕ್ಯಾಲ್ಕುಲಸ್, 240 ಅವಕಲ ಸಮೀಕರಣ, 250 ರೇಖೀಯ ಬೀಜಗಣಿತ. ಕಾಲೇಜಿನ ಸ್ವಂತ ಸಂಖ್ಯೆಯ ಪಕ್ಕದಲ್ಲಿ ಈ ಸಂಕೇತವೂ ಇರುತ್ತದೆ.

ಮಟ್ಟ ನಿರ್ಣಯ ಮತ್ತು ಪರಿಹಾರ ಬೋಧನೆ

ವಿದ್ಯಾರ್ಥಿ ಯಾವ ಕೋರ್ಸಿನಲ್ಲಿ ಮುಗಿಸಬೇಕು ಎಂಬುದನ್ನು ವಿಶ್ವವಿದ್ಯಾಲಯ ಹೇಳುತ್ತದೆ. ಎಲ್ಲಿಂದ ಶುರುಮಾಡಬೇಕು ಎಂಬುದು ಕಮ್ಯುನಿಟಿ ಕಾಲೇಜಿಗೆ ಬಿಟ್ಟದ್ದು. ಕಳೆದ ದಶಕದ ದೊಡ್ಡ ಬದಲಾವಣೆಗಳೆಲ್ಲ ಆದದ್ದು ಈ ಆರಂಭದ ತುದಿಯಲ್ಲಿ.

ಹಳೆಯ ಪದ್ಧತಿಯಲ್ಲಿ ಕಾಲೇಜು ಸೇರಿದವರು ಅಕ್ಯುಪ್ಲೇಸರ್, ಕಂಪಾಸ್ ಅಥವಾ ಯುಸಿ ಮತ್ತು ಸಿಎಸ್‌ಯು ಜಂಟಿಯಾಗಿ ರೂಪಿಸಿದ ಎಂಡಿಟಿಪಿ ಪರೀಕ್ಷೆ ಬರೆಯುತ್ತಿದ್ದರು. ಅಂಕ ಕಡಿಮೆ ಬಂದವರು ಅಂಕಗಣಿತ, ಬೀಜಗಣಿತಪೂರ್ವ, ಪ್ರಾಥಮಿಕ ಬೀಜಗಣಿತ, ಮಧ್ಯಮ ಬೀಜಗಣಿತ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಒಂದರಿಂದ ಹತ್ತಬೇಕಾಗಿತ್ತು. ಕೆಳಗಿನ ಮೆಟ್ಟಿಲಿನಿಂದ ಹೊರಟವರಿಗೆ ವರ್ಗಾಯಿಸಬಹುದಾದ ಮೊದಲ ಕೋರ್ಸು ತಲುಪಲು ಎರಡು ವರ್ಷ ಹಿಡಿಯುತ್ತಿತ್ತು. ಫೇಲಾಗಿ ನಿಲ್ಲುತ್ತಿದ್ದವರಷ್ಟೇ ಅಲ್ಲ, ಒಂದು ಮೆಟ್ಟಿಲು ಪಾಸಾಗಿ ಮುಂದಿನದಕ್ಕೆ ಹೆಸರನ್ನೇ ನೋಂದಾಯಿಸದೆ ಬಿಟ್ಟವರೂ ಬಹಳ. ಲಾಸ್ ಮೆಡಾನೊಸ್ ಕಾಲೇಜಿನ ಗಣಿತ ಅಧ್ಯಾಪಕಿ ಮೈರಾ ಸ್ನೆಲ್, ಮಧ್ಯಮ ಬೀಜಗಣಿತವನ್ನು ಹಾದುಹೋಗದೆ ನೇರವಾಗಿ ಸಂಖ್ಯಾಶಾಸ್ತ್ರಕ್ಕೆ ಸಿದ್ಧಪಡಿಸುವ ಪಾತ್2ಸ್ಟ್ಯಾಟ್ಸ್ ಎಂಬ ಕೋರ್ಸು ರೂಪಿಸಿದರು. 2010ರಲ್ಲಿ ಅವರು ಇಂಗ್ಲಿಷ್ ಅಧ್ಯಾಪಕಿ ಕೇಟಿ ಹರ್ನ್ ಜೊತೆ ಕ್ಯಾಲಿಫೋರ್ನಿಯಾ ಆಕ್ಸಲರೇಷನ್ ಪ್ರಾಜೆಕ್ಟ್ ಆರಂಭಿಸಿದರು. ಕಾರ್ನೆಗಿ ಪ್ರತಿಷ್ಠಾನದ ಸ್ಟ್ಯಾಟ್‌ವೇ ಕೂಡ ಅದೇ ಕಾಲದ್ದು. ಪರಿಹಾರ ಬೋಧನೆ ಮತ್ತು ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರವನ್ನು ಅದು ಒಂದೇ ವರ್ಷದಲ್ಲಿ ಹೆಣೆಯುತ್ತದೆ.

2017ರಲ್ಲಿ ಕಾನೂನು ಕೈಹಾಕಿತು. ಶಾಸಕಿ ಜ್ಯಾಕಿ ಅರ್ವಿನ್ ಮಂಡಿಸಿದ ಅಸೆಂಬ್ಲಿ ಮಸೂದೆ 705ರ ಪ್ರಕಾರ, ವಿದ್ಯಾರ್ಥಿ ಒಂದು ವರ್ಷದೊಳಗೆ ವರ್ಗಾವಣೆ ಮಟ್ಟದ ಗಣಿತ ಮುಗಿಸುವ ಸಾಧ್ಯತೆಯನ್ನು ಕಾಲೇಜುಗಳು ಗರಿಷ್ಠಗೊಳಿಸಬೇಕು. ಮಟ್ಟ ನಿರ್ಣಯಕ್ಕೆ ಪರೀಕ್ಷೆಯ ಬದಲು ಹೈಸ್ಕೂಲಿನ ಜಿಪಿಎ ಮತ್ತು ಅಲ್ಲಿ ಓದಿದ ಕೋರ್ಸುಗಳನ್ನು ಬಳಸಬೇಕು. ಗಣಿತಕ್ಕೆ ಇದು 2019ರ ಶರತ್ಕಾಲದಲ್ಲಿ ಪೂರ್ಣವಾಗಿ ಜಾರಿಯಾಯಿತು. ಸಂಖ್ಯಾಶಾಸ್ತ್ರದ ದಾರಿಗೆ ರಾಜ್ಯ ಕೊಟ್ಟ ಮಾದರಿ ಸರಳ: ಜಿಪಿಎ 3.0 ಅಥವಾ ಹೆಚ್ಚಿದ್ದರೆ ನೇರ ಪ್ರವೇಶ, 2.3ರಿಂದ 2.9ರವರೆಗೆ ಜೊತೆಕೋರ್ಸಿನ ಶಿಫಾರಸು. ಅದಕ್ಕೂ ಕಡಿಮೆಯಿದ್ದರೆ ಜೊತೆಕೋರ್ಸಿಗೆ ಬಲವಾದ ಶಿಫಾರಸು. ಜೊತೆಕೋರ್ಸು ಎಂದರೆ ಮುಖ್ಯ ಕೋರ್ಸಿನ ಸೆಮಿಸ್ಟರಿನಲ್ಲೇ ಅದಕ್ಕೆ ಬೇಕಾದ ಹಳೆಯ ಪಾಠವನ್ನು ಕಲಿಸುವ ಪೂರಕ ತರಗತಿ. ಅದೇ 2017ರಲ್ಲಿ ಸಿಎಸ್‌ಯು ತನ್ನ 1110ನೇ ಕಾರ್ಯಕಾರಿ ಆದೇಶದ ಮೂಲಕ ಇಎಲ್‌ಎಂ ಎಂಬ ಗಣಿತದ ಮಟ್ಟ ನಿರ್ಣಯ ಪರೀಕ್ಷೆಯನ್ನೂ ಯೂನಿಟ್ ಸಿಗದ ಪರಿಹಾರ ತರಗತಿಗಳನ್ನೂ 2018ರಿಂದ ಕೈಬಿಟ್ಟಿತು. ಬೀಜಗಣಿತ ಬೇಡದ ವಿಷಯಗಳ ವಿದ್ಯಾರ್ಥಿಗಳಿಗೆ ಮಧ್ಯಮ ಬೀಜಗಣಿತದ ಕಡ್ಡಾಯ ಇರಬಾರದೆಂದು ಆಗಿನ ಕಮ್ಯುನಿಟಿ ಕಾಲೇಜು ವ್ಯವಸ್ಥೆಯ ಚಾನ್ಸಲರ್ ಎಲೋಯ್ ಒರ್ಟಿಸ್ ಓಕ್ಲಿ ಬಹಿರಂಗವಾಗಿ ವಾದಿಸಿದ್ದೂ ಅದೇ ವರ್ಷ.

ಪರಿಣಾಮದಲ್ಲಿ ಎರಡು ಮುಖಗಳಿವೆ. ವರ್ಗಾವಣೆ ಮಟ್ಟದ ಗಣಿತವನ್ನು ಮೊದಲ ವರ್ಷದಲ್ಲೇ ಮುಗಿಸಿದವರ ಸಂಖ್ಯೆ ಗಣನೀಯವಾಗಿ ಏರಿತು. ಆದರೆ ತರಗತಿಗೆ ಸೇರಿದವರಲ್ಲಿ ಪಾಸಾದವರ ಶೇಕಡಾವಾರು ಇಳಿಯಿತು. ಮೊದಲು ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತಿದ್ದವರು ಈಗ ಅದೇ ತರಗತಿಯಲ್ಲಿ ಕೂತಿದ್ದರು. ಸುಧಾರಣೆಯ ಪರ ಇರುವವರು ಮೊದಲ ಅಂಕಿಯನ್ನು, ವಿರೋಧಿಸುವವರು ಎರಡನೆಯದನ್ನು ಮುಂದಿಡುತ್ತಾರೆ. ಎರಡೂ ಸರಿಯಾದ ಅಂಕಿಗಳೇ. ಈ ವಾದದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಪ್ರಯೋಗ ನ್ಯೂಯಾರ್ಕ್ ನಗರದ್ದು. ಸಿಟಿ ಯೂನಿವರ್ಸಿಟಿಯ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ 907 ವಿದ್ಯಾರ್ಥಿಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಮೂರು ಗುಂಪು ಮಾಡಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪ್ರಾಥಮಿಕ ಬೀಜಗಣಿತಕ್ಕೆ ಹಾಕಿದವರಲ್ಲಿ ಶೇ 39, ಪೂರಕ ತರಗತಿಯೊಡನೆ ಅದನ್ನೇ ಓದಿದವರಲ್ಲಿ ಶೇ 45, ಪೂರಕ ತರಗತಿಯೊಡನೆ ನೇರವಾಗಿ ಸಂಖ್ಯಾಶಾಸ್ತ್ರ ಓದಿದವರಲ್ಲಿ ಶೇ 56 ಮಂದಿ ಪಾಸಾಗಿದ್ದರು.

ಗ್ರೇಡ್, ಮರುಪ್ರಯತ್ನ ಮತ್ತು ಗಡುವು

ವಾಡಿಕೆಯ ಕನಿಷ್ಠ ಗ್ರೇಡ್ ಸಿ. ಪೈಪೋಟಿಯ ವಿಭಾಗಗಳಲ್ಲಿ ಗಣಿತದ ಕೋರ್ಸುಗಳ ಜಿಪಿಎಯನ್ನು ಪ್ರತ್ಯೇಕವಾಗಿ ನೋಡುವುದುಂಟು. ಪಾಸು–ಫೇಲು ಆಧಾರದಲ್ಲಿ ಓದಿದ ಯೂನಿಟ್‌ಗಳನ್ನು ಯುಸಿ 60ರಲ್ಲಿ 14ರವರೆಗೆ ಒಪ್ಪುತ್ತದೆ. ಪೂರ್ವಸಿದ್ಧತೆಯ ಗಣಿತಕ್ಕೆ ಅಕ್ಷರ ಗ್ರೇಡೇ ಬೇಕೆಂಬುದು ಸಾಮಾನ್ಯ ನಿರೀಕ್ಷೆ. ಒಂದೇ ಕೋರ್ಸನ್ನು ಒಂದು ಕಾಲೇಜು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಮೂರು ಸಲ ಮಾತ್ರ ಪ್ರಯತ್ನಿಸಬಹುದು. ಮಧ್ಯದಲ್ಲಿ ಬಿಟ್ಟು ದಾಖಲೆಯಲ್ಲಿ ಡಬ್ಲ್ಯೂ ಬಿದ್ದರೆ ಅದೂ ಒಂದು ಪ್ರಯತ್ನ.

ಯುಸಿಯ ಶರತ್ಕಾಲದ ಪ್ರವೇಶಕ್ಕೆ ಅರ್ಜಿ ಹಿಂದಿನ ವರ್ಷದ ಅಕ್ಟೋಬರ್ ಮತ್ತು ನವೆಂಬರಿನಲ್ಲಿ. ಅರ್ಜಿಯ ಹೊತ್ತಿಗೆ ಗಣಿತ ಮುಗಿದಿರಲೇಬೇಕೆಂದಿಲ್ಲ, ಸೇರುವ ವರ್ಷದ ವಸಂತದ ಸೆಮಿಸ್ಟರಿನೊಳಗೆ ಮುಗಿದರೆ ಸಾಕು. ಜನವರಿಯಲ್ಲಿ ಹೊಸ ಗ್ರೇಡುಗಳನ್ನೂ ವಸಂತದ ಯೋಜನೆಯನ್ನೂ ತಿಳಿಸಬೇಕು. ವಸಂತದಲ್ಲಿ ಓದುತ್ತೇನೆಂದು ಬರೆದ ಗಣಿತದ ಕೋರ್ಸನ್ನು ಬಿಟ್ಟರೆ ಅಥವಾ ಅದರಲ್ಲಿ ಸಿಗಿಂತ ಕಡಿಮೆ ಬಂದರೆ ಸಿಕ್ಕ ಪ್ರವೇಶ ರದ್ದಾಗಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ ಮತ್ತು ಸ್ಯಾಂಟಾ ಕ್ರೂಜ಼್ ಕ್ಯಾಂಪಸ್‌ಗಳು ಟ್ಯಾಗ್ ಎಂಬ ಖಚಿತ ಪ್ರವೇಶ ಒಪ್ಪಂದ ನೀಡುತ್ತವೆ. ಅದರ ಅರ್ಜಿ ಸೆಪ್ಟೆಂಬರಿನಲ್ಲಿ. ಗಣಿತದ ಗಡುವು ಮತ್ತು ಗ್ರೇಡಿನ ಷರತ್ತು ಕ್ಯಾಂಪಸ್ಸಿಗೊಂದು. ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ಈ ಒಪ್ಪಂದದಲ್ಲಿಲ್ಲ.

ಉಪಯೋಗ

ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ 46 ಡಾಲರ್. ಐದು ಯೂನಿಟ್‌ನ ಕ್ಯಾಲ್ಕುಲಸ್ಸಿಗೆ 230 ಡಾಲರ್ ಆಗುತ್ತದೆ. ಮನೆಯಿಂದಲೇ ಓಡಾಡಿ ಸಣ್ಣ ತರಗತಿಗಳಲ್ಲಿ ಗಣಿತದ ಸರಣಿ ಮುಗಿಸಿಕೊಳ್ಳುವುದು ಅನೇಕರಿಗೆ ವರ್ಗಾವಣೆಯ ಮುಖ್ಯ ಆಕರ್ಷಣೆ. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಕ್ಯಾಲ್ಕುಲಸ್ ಓದುವವರೂ ಇದ್ದಾರೆ.

ಭಾರತದಿಂದ ಬರುವವರು

ಡಿ ಆನ್ಜಾ, ಫುಟ್‌ಹಿಲ್, ಮಿಷನ್, ಓಲೋನಿ ಕಾಲೇಜುಗಳಿರುವ ಸಿಲಿಕಾನ್ ಕಣಿವೆಯ ಊರುಗಳಲ್ಲಿ ಕನ್ನಡ ಕುಟುಂಬಗಳು ಹಲವು. ಅಲ್ಲೇ ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಮೇಲಿನ ನಿಯಮಗಳೇ ಅನ್ವಯ. ಭಾರತದಲ್ಲಿ ದ್ವಿತೀಯ ಪಿಯುಸಿ ಅಥವಾ ಸಿಬಿಎಸ್‌ಇ ಹನ್ನೆರಡನೆಯ ತರಗತಿ ಮುಗಿಸಿ ಬಂದವರ ಸ್ಥಿತಿ ಬೇರೆ. ಅವರು ಅವಕಲನ, ಅನುಕಲನ ಎರಡನ್ನೂ ಓದಿರುತ್ತಾರೆ. ಆದರೂ ಅದನ್ನು ಹೈಸ್ಕೂಲು ಮಟ್ಟದ ಓದೆಂದು ಎಣಿಸುವುದರಿಂದ ಕ್ಯಾಲ್ಕುಲಸ್ಸಿಗೆ ನೇರವಾಗಿ ಕೂರಿಸಲು ಅದು ನೆರವಾಗುತ್ತದೆಯೇ ಹೊರತು ಸಾಮಾನ್ಯವಾಗಿ ಕಾಲೇಜಿನ ಯೂನಿಟ್ ಕೊಡಿಸುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಪ್ರತಿ ಸೆಮಿಸ್ಟರಿನಲ್ಲಿ ಕನಿಷ್ಠ 12 ಯೂನಿಟ್ ಓದಲೇಬೇಕು. ಆ ಲೆಕ್ಕಕ್ಕೆ ಆನ್‌ಲೈನ್ ತರಗತಿಗಳಲ್ಲಿ ಒಂದನ್ನು ಮಾತ್ರ ಸೇರಿಸಬಹುದು. ಐದು ಯೂನಿಟ್‌ನ ಕ್ಯಾಲ್ಕುಲಸ್ಸನ್ನು ನಡುವೆ ಬಿಟ್ಟರೆ 12ಕ್ಕಿಂತ ಕೆಳಗಿಳಿದು ವೀಸಾಕ್ಕೇ ತೊಂದರೆಯಾಗುವ ಸಂಭವವಿದೆ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರುವುದು. ಡಿಪ್ಲೊಮಾದ ಗಣಿತಕ್ಕೂ ಮೊದಲ ವರ್ಷದ ಇಂಜಿನಿಯರಿಂಗ್ ಗಣಿತಕ್ಕೂ ಇರುವ ಅಂತರವನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹೆಚ್ಚುವರಿ ಗಣಿತದ ಪತ್ರಿಕೆಗಳಿಂದ ತುಂಬಿಸುತ್ತ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಅಂತರ ತುಂಬಿ ಬಂದವರಿಗೆ ಪ್ರವೇಶ. ಇಲ್ಲಿ ಪ್ರವೇಶದ ನಂತರ ಅಂತರ ತುಂಬುವ ಕ್ರಮ.

ಇತರ ರಾಜ್ಯಗಳು

ಫ್ಲಾರಿಡಾದಲ್ಲಿ ಎಲ್ಲ ಸಾರ್ವಜನಿಕ ಕಾಲೇಜುಗಳಿಗೂ ವಿಶ್ವವಿದ್ಯಾಲಯಗಳಿಗೂ ಒಂದೇ ಕೋರ್ಸು ಸಂಖ್ಯೆ. ಎಲ್ಲಿ ಓದಿದರೂ ಮೊದಲ ಕ್ಯಾಲ್ಕುಲಸ್ ಎಂಎಸಿ 2311. ಟೆಕ್ಸಸ್‌ನಲ್ಲೂ ಸಮಾನ ಸಂಖ್ಯೆಗಳ ವ್ಯವಸ್ಥೆಯಿದೆ, 42 ಯೂನಿಟ್‌ನ ಕಡ್ಡಾಯ ಪಠ್ಯಭಾಗದಲ್ಲಿ ಗಣಿತವೂ ಸೇರಿದೆ. ಕಾಲೇಜು ಬೀಜಗಣಿತ ಅಲ್ಲಿ ಆ ಸ್ಥಾನವನ್ನು ತುಂಬುತ್ತದೆ. ಇಲಿನಾಯ್‌ನ ಆರ್ಟಿಕ್ಯುಲೇಷನ್ ವ್ಯವಸ್ಥೆ ಅದೇ ಕಾಲೇಜು ಬೀಜಗಣಿತವನ್ನು ಸಾಮಾನ್ಯ ಶಿಕ್ಷಣದ ಗಣಿತವೆಂದು ಒಪ್ಪುವುದಿಲ್ಲ. ವಿಷಯಕ್ಕೆ ತಕ್ಕಂತೆ ಗಣಿತದ ದಾರಿಗಳನ್ನು ಬೇರ್ಪಡಿಸುವ ವಿಚಾರವನ್ನು ಹಲವು ರಾಜ್ಯಗಳಿಗೆ ಹರಡಿದ್ದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಡೇನಾ ಸೆಂಟರ್. ಗಣಿತಜ್ಞ ಯೂರಿ ಟ್ರೈಸ್‌ಮನ್ ಅದರ ಸ್ಥಾಪಕ.

ಈಗಿನ ಸ್ಥಿತಿ

2022ರ ಅಸೆಂಬ್ಲಿ ಮಸೂದೆ 1705 ಹಿಂದಿನ ಕಾನೂನನ್ನು ಬಿಗಿಗೊಳಿಸಿ, ಅದೇ ತರ್ಕವನ್ನು ಕ್ಯಾಲ್ಕುಲಸ್ಸಿಗೂ ವಿಸ್ತರಿಸಿತು. ಕ್ಯಾಲ್ಕುಲಸ್ಸಿಗೆ ಮುಂಚಿನ ಕೋರ್ಸುಗಳಿಂದ ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಿಜವಾದ ಲಾಭವಿದೆಯೆಂದು ಕಾಲೇಜುಗಳು ಅಂಕಿ ಅಂಶಗಳಿಂದ ತೋರಿಸಬೇಕು. ತೋರಿಸಲಾಗದಿದ್ದರೆ 2025ರಿಂದ ಅವರನ್ನು ಅಲ್ಲಿಗೆ ಹಾಕುವಂತಿಲ್ಲ. ತ್ರಿಕೋನಮಿತಿಯನ್ನೇ ಓದದವರನ್ನು ಕ್ಯಾಲ್ಕುಲಸ್ಸಿಗೆ ಕೂರಿಸುವ ಬಗ್ಗೆ ಗಣಿತ ಅಧ್ಯಾಪಕರಿಂದ ಬಲವಾದ ಆಕ್ಷೇಪ ಬಂದಿತು. ಹಲವು ಕಾಲೇಜುಗಳು ಕ್ಯಾಲ್ಕುಲಸ್ಸಿಗೆ ಜೊತೆಕೋರ್ಸು ಕಟ್ಟಿವೆ. ಕೆಲವು, ಹಳೆಯ ಎರಡು ಸೆಮಿಸ್ಟರಿನ ಪ್ರೀಕ್ಯಾಲ್ಕುಲಸ್ಸನ್ನು ಒಂದೇ ಸೆಮಿಸ್ಟರಿನ ಹೊಸ ಕೋರ್ಸಾಗಿ ಮಾರ್ಪಡಿಸಿವೆ.

2021ರ ಅಸೆಂಬ್ಲಿ ಮಸೂದೆ 1111 ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ಕೋರ್ಸು ಸಂಖ್ಯೆ ತರುವಂತೆ ಆದೇಶಿಸಿತು. ಮೊದಲ ಕಂತಿನ ಆರು ಕೋರ್ಸುಗಳಲ್ಲಿ ಗಣಿತದ ಕಡೆಯಿಂದ ಸೇರಿದ್ದು ಸಂಖ್ಯಾಶಾಸ್ತ್ರ ಮಾತ್ರ. 2025ರ ಶರತ್ಕಾಲದಿಂದ ಅದರ ಸಂಖ್ಯೆ ಸ್ಟ್ಯಾಟ್ ಸಿ1000. 2023ರ ಇನ್ನೊಂದು ಕಾನೂನಿನಂತೆ, ವರ್ಗಾವಣೆಯ ಅಸೋಸಿಯೇಟ್ ಪದವಿ ಪಡೆದವರಿಗೆ 2026-27ರಿಂದ ಯುಸಿಎಲ್‌ಎ ಕೆಲವು ವಿಷಯಗಳಲ್ಲಿ ಪ್ರವೇಶದ ಆದ್ಯತೆ ನೀಡಬೇಕಾಗಿದೆ. ಆ ಪದವಿಯ ಗಣಿತ ಈವರೆಗೆ ಸಿಎಸ್‌ಯುವಿನ ಅಗತ್ಯಕ್ಕೆ ಅಳೆದು ಹೊಲಿದದ್ದು. ಯುಸಿ ಕ್ಯಾಂಪಸ್‌ಗಳಿಗೆ ಹೋಗುವವರು ಅಸಿಸ್ಟ್‌ನಲ್ಲಿರುವ ಆಯಾ ವಿಭಾಗದ ಒಪ್ಪಂದವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕಾದ ಅಗತ್ಯ ಮುಂದುವರಿದಿದೆ.